ಕಂಪೈಲ್ ಮಾಡಲಾ, ಸಿದ್ಧವಾದದ್ದೇ ಹಾಕಿಕೊಳ್ಳಲಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯ ಕೇಳಿವೆ. ಎಲ್ಲವನ್ನೂ ಸೋರ್ಸ್ ಕೋಡ್‌ನಿಂದ ನಮ್ಮ ಮೆಷಿನ್‌ನಲ್ಲೇ ಕಂಪೈಲ್ ಮಾಡಿಕೊಳ್ಳುವ ಲಿನಕ್ಸ್ ಡಿಸ್ಟ್ರೋ ಒಳ್ಳೆಯದಾ, ಬೇರೆಯವರು ಕಂಪೈಲ್ ಮಾಡಿಟ್ಟ ಬೈನರಿಗಳನ್ನು ಇಳಿಸಿಕೊಳ್ಳುವ ಡಿಸ್ಟ್ರೋ ಒಳ್ಳೆಯದಾ? ಹೊಸಬರಿಗೆ ಒಂದು ಮಾತು: ಪ್ರೋಗ್ರಾಂ ಬರೆದವರ ಕೈಯಿಂದ ಬರುವ ಪಠ್ಯ ಸೋರ್ಸ್ ಕೋಡ್, ಅದನ್ನು ಮೆಷಿನ್ ಓಡಿಸಬಲ್ಲ ಬೈನರಿಯಾಗಿ ಮಾಡುವುದು ಕಂಪೈಲ್, ಲಿನಕ್ಸನ್ನೂ ಜೊತೆಗೆ ಬೇಕಾದ ಪ್ರೋಗ್ರಾಂಗಳನ್ನೂ ಸೇರಿಸಿ ಕೊಡುವುದು ಡಿಸ್ಟ್ರೋ. ಹಾಗಾಗಿ ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ಹಿಡಿದಿದ್ದೇನೆ. ವೈಫೈ ಕೈಕೊಡುತ್ತಿದೆ ಎಂದು ಬರೆದವರು ಬೇಜಾರು ಮಾಡ್ಕೋಬೇಡಿ, ನಿಮ್ಮದು ಮುಂದಿನ ಸಲ.

ಪ್ರಶ್ನೆ: ಸರ್, ಎರಡು ವರ್ಷದಿಂದ ಉಬುಂಟು ಬಳಸುತ್ತಿದ್ದೇನೆ. ಗೆಳೆಯ ಜೆಂಟೂ ಹಾಕಿಕೊಂಡಿದ್ದಾನೆ. ನಮ್ಮ ಪ್ರೊಸೆಸರ್‌ಗೆ ತಕ್ಕಂತೆ ಎಲ್ಲವನ್ನೂ ಕಂಪೈಲ್ ಮಾಡಿದರೆ ಕಂಪ್ಯೂಟರ್ ಗಾಳಿಯ ಹಾಗೆ ಓಡುತ್ತದೆ ಅಂತಾನೆ. ನಾನೂ ಬದಲಾಯಿಸಲಾ?

ಉತ್ತರ: ವೇಗ ಒಂದೇ ಕಾರಣವಾದರೆ ಬೇಡ.

ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ. ಡೆಬಿಯನ್, ಉಬುಂಟುಗಳಂಥ ಡಿಸ್ಟ್ರೋಗಳು ಯಾರ ಮೆಷಿನ್ ಯಾವುದು ಎಂದು ಗೊತ್ತಿಲ್ಲದೆ ಪ್ಯಾಕೇಜ್ ಕಟ್ಟಬೇಕು. ಅದಕ್ಕೇ 2003ರಲ್ಲಿ ಎಎಂಡಿ ಮೊದಲ 64 ಬಿಟ್ ಪ್ರೊಸೆಸರ್ ತಂದಾಗ ಏನೇನು ಇತ್ತೋ ಅಷ್ಟನ್ನೇ ನಂಬಿಕೊಂಡು ಕಂಪೈಲ್ ಮಾಡುತ್ತಾ ಬಂದಿವೆ. ಆಮೇಲೆ ಪ್ರೊಸೆಸರ್‌ಗಳು ಕಲಿತ ಹೊಸ ಸೂಚನೆಗಳು (ಇನ್‌ಸ್ಟ್ರಕ್ಷನ್‌ಗಳು), ಉದಾಹರಣೆಗೆ 2013ರ ಇಂಟೆಲ್ ಪ್ರೊಸೆಸರ್‌ಗಳ ಜೊತೆ ಬಂದ ಎವಿಎಕ್ಸ್2, ನಿಮ್ಮ ಮೆಷಿನ್‌ನಲ್ಲಿದ್ದರೂ ಸುಮ್ನೆ ಕೂತಿರುತ್ತವೆ. ಜೆಂಟೂವಿನಲ್ಲಿ ಕಂಪೈಲರ್‌ಗೆ 'ಇದೇ ಮೆಷಿನ್‌ಗೆ ಮಾಡು' ಎಂದು ಒಂದು ಸಾಲು ಬರೆದರೆ ಅವನ್ನೆಲ್ಲ ಬಳಸಿಕೊಳ್ಳುತ್ತದೆ. ಕಾಗದದ ಮೇಲೆ ಇದು ಲಾಭವೇ.

ಆದರೆ ವೇಗ ನಿಜಕ್ಕೂ ಬೇಕಾದ ಕಡೆ, ಅಂದರೆ ವಿಡಿಯೋ ಬಿಡಿಸುವುದು, ಗೂಢಲಿಪಿ ಲೆಕ್ಕ, ಮೆಮೊರಿಯಲ್ಲಿ ದೊಡ್ಡ ದೊಡ್ಡ ನಕಲು, ಇವುಗಳನ್ನು ಬರೆದವರು ನೀವು ಕಂಪೈಲ್ ಮಾಡುವ ತನಕ ಕಾಯುತ್ತಾ ಕೂತಿಲ್ಲ. ವಿಡಿಯೋದ ಎಫ್‌ಎಫ್‌ಎಂಪೆಗ್, ಗೂಢಲಿಪಿಯ ಓಪನ್‌ಎಸ್‌ಎಸ್‌ಎಲ್, ಮೆಮೊರಿ ನಕಲಿನಂಥ ಮೂಲ ಕೆಲಸಗಳ ಜಿಲಿಬ್‌ಸಿ, ಈ ಮೂರೂ ಪ್ರೋಗ್ರಾಂ ಓಡುವ ಹೊತ್ತಿನಲ್ಲೇ ಪ್ರೊಸೆಸರ್ ಯಾವುದು ಎಂದು ನೋಡಿ, ಅದಕ್ಕೆ ತಕ್ಕ ಕೋಡ್ ಆರಿಸಿಕೊಳ್ಳುತ್ತವೆ. ಅಂದರೆ ನಿಮ್ಮ ಉಬುಂಟುವಿನಲ್ಲೂ ಆ ಎವಿಎಕ್ಸ್2 ಬೇಕಾದಲ್ಲಿ ಆಗಲೇ ಕೆಲಸ ಮಾಡ್ತಾ ಇದೆ. ಉಳಿದದ್ದು ಫೈಲ್ ಮ್ಯಾನೇಜರ್, ಟರ್ಮಿನಲ್, ಎಡಿಟರ್. ಇವು ದಿನದ ಬಹುಪಾಲು ಡಿಸ್ಕ್‌ಗೋ ನೆಟ್‌ವರ್ಕ್‌ಗೋ ನಿಮ್ಮ ಬೆರಳಿಗೋ ಕಾಯುತ್ತಿರುತ್ತವೆ. ಕಾಯುತ್ತಾ ಕೂತವನಿಗೆ ಓಟದ ಶೂ ಕೊಟ್ಟು ಏನು ಮಾಡೋಣ?

ಬ್ರೌಸರ್ ಕಥೆ ಇನ್ನೂ ತಮಾಷೆಯದು. ಫೈರ್‌ಫಾಕ್ಸ್ ತಯಾರಿಸುವವರು ಕೊಡುವ ಬೈನರಿ, ಮೊದಲು ಒಂದು ಸಲ ಓಡಿಸಿ ಯಾವ ಕೋಡ್ ಜಾಸ್ತಿ ಬಳಕೆಯಾಗುತ್ತದೆ ಎಂದು ಅಳೆದು, ಆ ಅಳತೆ ಇಟ್ಟುಕೊಂಡು ಮತ್ತೊಮ್ಮೆ ಕಂಪೈಲ್ ಮಾಡಿದ್ದು. ನೀವು ಮನೆಯಲ್ಲಿ ಈ ಎರಡು ಸುತ್ತಿನ ಕೆಲಸ ಬಿಟ್ಟು ಒಂದೇ ಸುತ್ತಿನಲ್ಲಿ ಮುಗಿಸಿದರೆ, ನಿಮ್ಮ ಸ್ವಂತ ಫೈರ್‌ಫಾಕ್ಸ್ ಅವರದಕ್ಕಿಂತ ನಿಧಾನವಾಗಿದ್ದರೂ ಆಶ್ಚರ್ಯವಿಲ್ಲ.

ಇನ್ನೊಂದು ಮಾತು. ಬೈನರಿ ಡಿಸ್ಟ್ರೋಗಳೂ ನಿಂತಲ್ಲೇ ನಿಂತಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ತನ್ನ ಕನಿಷ್ಠ ಮಟ್ಟವನ್ನು ಒಂದು ಮೆಟ್ಟಿಲು ಏರಿಸಿತು, 10ನೆಯ ಆವೃತ್ತಿ ಎವಿಎಕ್ಸ್2 ಇರುವ ಮಟ್ಟಕ್ಕೇ ಹೋಯಿತು. ಹಳೆಯ ಪ್ರೊಸೆಸರ್‌ನವರು ಅಲ್ಲಿ ಹೊರಗೆ ಉಳಿದರು ಎಂಬುದು ಅದರ ಬೆಲೆ.

ಗೆಳೆಯ 'ಓ3 ಹಾಕು, ಫಾಸ್ಟ್ ಮ್ಯಾಥ್ ಹಾಕು' ಅಂದರೆ ಮಾತ್ರ ಕೇಳಬೇಡಿ. ಓ2, ಓ3 ಎಂದರೆ ಕೋಡನ್ನು ಎಷ್ಟು ಚುರುಕು ಮಾಡಬೇಕು ಎಂದು ಕಂಪೈಲರ್‌ಗೆ ಹೇಳುವ ಮಟ್ಟಗಳು. ಫಾಸ್ಟ್ ಮ್ಯಾಥ್ ಎಂದರೆ ದಶಮಾಂಶ ಲೆಕ್ಕದ ನಿಯಮಗಳನ್ನು ಸಡಿಲ ಮಾಡು ಎಂದು ಕಂಪೈಲರ್‌ಗೆ ಅನುಮತಿ ಕೊಡುವುದು. ಇಡೀ ಸಿಸ್ಟಂಗೆ ಹಾಗೆ ಅನುಮತಿ ಕೊಟ್ಟರೆ ಯಾವ ಪ್ರೋಗ್ರಾಂ ಯಾವಾಗ ತಪ್ಪು ಉತ್ತರ ಕೊಡುತ್ತದೋ ಹೇಳಲಾಗದು. ಓ2 ಸಾಕು. ಅಂದಹಾಗೆ, ಜೆಂಟೂ ಎಂಬುದು ನೀರಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಈಜುವ ಪೆಂಗ್ವಿನ್‌ನ ಹೆಸರು. ವೇಗದ ಗುಂಗು ಹೆಸರಿನಲ್ಲೇ ಅಂಟಿಕೊಂಡು ಬಂದಿದೆ.

ಪ್ರಶ್ನೆ: ವೇಗಕ್ಕಲ್ಲ ಅಂದರೆ ಮತ್ತೆ ಜನ ಗಂಟೆಗಟ್ಟಲೆ ಕಂಪೈಲ್ ಮಾಡುತ್ತಾ ಯಾಕೆ ಕೂರುತ್ತಾರೆ? 'ಯೂಸ್ ಫ್ಲ್ಯಾಗ್' ಅಂತ ಎಲ್ಲ ಕಡೆ ಓದುತ್ತೇನೆ, ಅದೇನು?

ಉತ್ತರ: ಅಸಲಿ ವಿಷಯ ಅದೇ.

ಒಂದು ಪ್ರೋಗ್ರಾಂನ ಸೋರ್ಸ್ ಕೋಡ್‌ನಲ್ಲಿ ಎಷ್ಟೋ ಐಚ್ಛಿಕ ಭಾಗಗಳಿರುತ್ತವೆ. ಪ್ರಿಂಟರ್ ಬೆಂಬಲ ಬೇಕಾ, ಬ್ಲೂಟೂತ್ ಬೇಕಾ, ಈ ಧ್ವನಿ ವ್ಯವಸ್ಥೆಯಾ ಆ ಧ್ವನಿ ವ್ಯವಸ್ಥೆಯಾ. ಇವನ್ನು ಕಂಪೈಲ್ ಮಾಡುವ ಹೊತ್ತಿನಲ್ಲೇ ಯಾರೋ ಒಬ್ಬರು ತೀರ್ಮಾನಿಸಬೇಕು. ಬೈನರಿ ಡಿಸ್ಟ್ರೋದಲ್ಲಿ ಆ ತೀರ್ಮಾನ ಪ್ಯಾಕೇಜ್ ಕಟ್ಟುವವರದು. ಎಲ್ಲರಿಗೂ ಬೇಕಾಗಬಹುದು ಎಂದು ಅವರು ಸಾಮಾನ್ಯವಾಗಿ ಎಲ್ಲವನ್ನೂ ಸೇರಿಸುತ್ತಾರೆ, ಆ ಒಂದೊಂದು ಭಾಗದ ಹಿಂದೆ ಒಂದೊಂದು ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ನಿಮ್ಮ ಡಿಸ್ಕ್‌ಗೆ ಇಳಿಯುತ್ತದೆ. ಜೆಂಟೂವಿನಲ್ಲಿ ಅದೇ ತೀರ್ಮಾನ ನಿಮ್ಮದು. ಬೇಕಾದ ಭಾಗದ ಹೆಸರು ಬರೆಯಿರಿ, ಬೇಡವಾದದ್ದರ ಹೆಸರಿಗೆ ಮೊದಲು ಮೈನಸ್ ಚಿಹ್ನೆ ಹಾಕಿ. ಅದೇ ಯೂಸ್ ಫ್ಲ್ಯಾಗ್. ಒಮ್ಮೆ ಬರೆದಿಟ್ಟರೆ ಇಡೀ ಸಿಸ್ಟಂ ಪಾಲಿಸುತ್ತದೆ, ಒಂದು ಪ್ಯಾಕೇಜ್‌ಗೆ ಮಾತ್ರ ಬೇರೆ ನಿಯಮ ಬೇಕಾದರೆ ಅದನ್ನೂ ಬರೆಯಬಹುದು. ಮೆಷಿನ್ ಶುರುವಾಗುವಾಗ ಉಳಿದ ಸೇವೆಗಳನ್ನು ಎಬ್ಬಿಸುವ ಕೆಲಸಕ್ಕೆ ಸಿಸ್ಟಂಡಿ ಬೇಡ, ಓಪನ್‌ಆರ್‌ಸಿ ಸಾಕು ಎನ್ನುವವರಿಗೂ ಅಲ್ಲಿ ದಾರಿ ಇದೆ.

ತೀರ್ಮಾನ ನಿಮ್ಮದು ಎಂದ ಮೇಲೆ ತಪ್ಪೂ ನಿಮ್ಮದೇ. ನನ್ನ ಕಥೆ ಹೇಳ್ತೀನಿ. ಮೊದಲ ಸಲ ಜೆಂಟೂ ಹಾಕಿದಾಗ ಹುರುಪಿನಲ್ಲಿ ಕಂಡದ್ದಕ್ಕೆಲ್ಲ ಮೈನಸ್ ಹಾಕಿದೆ. ಮನೆಯಲ್ಲಿ ಪ್ರಿಂಟರ್ ಇರಲಿಲ್ಲ, ಹಾಗಾಗಿ ಪ್ರಿಂಟ್ ವ್ಯವಸ್ಥೆಯಾದ ಕಪ್ಸ್‌ಗೂ ಮೈನಸ್. ವರ್ಷದ ಮೇಲೆ ಪ್ರಿಂಟರ್ ಬಂತು. ಕಪ್ಸ್ ಇನ್‌ಸ್ಟಾಲ್ ಮಾಡಿದೆ, ಪರೀಕ್ಷೆಯ ಪುಟ ಚೆನ್ನಾಗಿಯೇ ಬಂತು. ಆದರೆ ಯಾವ ಪ್ರೋಗ್ರಾಂನಲ್ಲಿ ಪ್ರಿಂಟ್ ಒತ್ತಿದರೂ 'ಫೈಲ್‌ಗೆ ಪ್ರಿಂಟ್ ಮಾಡು' ಎಂಬ ಒಂದೇ ಆಯ್ಕೆ! ಎರಡು ಸಂಜೆ ಪ್ರಿಂಟರ್‌ಗೂ ಕೇಬಲ್‌ಗೂ ಬೈದೆ. ಕಡೆಗೆ ನೋಡಿದರೆ ತಪ್ಪು ನಾನೇ ಬರೆದಿದ್ದ ಮೈನಸ್‌ನದು. ಕಿಟಕಿ, ಬಟನ್‌ಗಳನ್ನು ಬಿಡಿಸುವ ಜಿಟಿಕೆ ಲೈಬ್ರರಿ ಕಪ್ಸ್ ಇಲ್ಲದೆ ಕಂಪೈಲ್ ಆಗಿತ್ತು, ಅದಕ್ಕೆ ಪ್ರಿಂಟರ್ ಎಂಬ ವಸ್ತು ಲೋಕದಲ್ಲಿದೆ ಎಂದೇ ಗೊತ್ತಿರಲಿಲ್ಲ. ಮೈನಸ್ ತೆಗೆದು ಮತ್ತೆ ಕಂಪೈಲ್ ಮಾಡಿದ ಮೇಲೆ ಸರಿಹೋಯಿತು. ಬೈನರಿ ಡಿಸ್ಟ್ರೋದವರಿಗೆ ಈ ಕಷ್ಟ ಬರುವುದೇ ಇಲ್ಲ. ನಾನಂತೂ ಆ ಎರಡು ಸಂಜೆಯಲ್ಲಿ ಪ್ರಿಂಟ್ ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ಕಲಿತೆ. ಇದನ್ನು ಲಾಭ ಅನ್ನುತ್ತೀರೋ ನಷ್ಟ ಅನ್ನುತ್ತೀರೋ ಅದರ ಮೇಲೆ ನಿಮ್ಮ ಆಯ್ಕೆ ನಿಂತಿದೆ.

ನನಗೆ ಯೂಸ್ ಫ್ಲ್ಯಾಗ್‌ಗಿಂತಲೂ ಇಷ್ಟವಾದದ್ದು ಇನ್ನೊಂದಿದೆ, ಅದನ್ನು ಯಾರೂ ಅಷ್ಟಾಗಿ ಹೊಗಳುವುದಿಲ್ಲ. ಒಂದು ಪ್ರೋಗ್ರಾಂನ ಯಾವುದೋ ವರ್ತನೆ ನಿಮಗೆ ಹಿಡಿಸುವುದಿಲ್ಲ, ನಾಲ್ಕು ಸಾಲು ತಿದ್ದಿ ಪ್ಯಾಚ್ ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಆ ಪ್ಯಾಚ್ ಫೈಲನ್ನು ಜೆಂಟೂವಿನ ಒಂದು ನಿಗದಿತ ಫೋಲ್ಡರ್‌ನಲ್ಲಿ ಪ್ಯಾಕೇಜ್‌ನ ಹೆಸರಿನಡಿ ಇಟ್ಟರೆ ಮುಗೀತು. ಮುಂದೆ ಹೊಸ ಆವೃತ್ತಿ ಬಂದಾಗಲೂ ತಾನಾಗಿ ಹಚ್ಚಿಕೊಂಡೇ ಕಂಪೈಲ್ ಆಗುತ್ತದೆ. ಪ್ಯಾಚ್ ಹೊಂದದಿದ್ದರೆ ಅಲ್ಲೇ ನಿಂತು ಹೇಳುತ್ತದೆ.

ಪ್ರಶ್ನೆ: ನನ್ನದು ಹಳೆಯ ಲ್ಯಾಪ್‌ಟಾಪ್, ಎರಡು ಕೋರ್, 4 ಜಿಬಿ ರ‍್ಯಾಮ್. ಬೇಡದ್ದೆಲ್ಲ ತೆಗೆದು ಹಗುರವಾದ ಸಿಸ್ಟಂ ಮಾಡಿಕೊಳ್ಳಬೇಕು. ಇಂಥ ಮೆಷಿನ್‌ಗೆ ಜೆಂಟೂ ಸರಿ ಅಲ್ವಾ?

ಉತ್ತರ: ಕೇಳಲು ಸರಿ ಅನ್ನಿಸುತ್ತದೆ, ಆದರೆ ತಿರುಗುಮುರುಗು. ಹಗುರ ಮಾಡಿಕೊಳ್ಳುವ ಅಗತ್ಯ ಇರುವ ಮೆಷಿನ್‌ಗೇ ಕಂಪೈಲ್ ಮಾಡುವ ಶಕ್ತಿ ಇರುವುದಿಲ್ಲ. ಒಟ್ಟೊಟ್ಟಿಗೆ ಎಷ್ಟು ಕಂಪೈಲ್ ಕೆಲಸ ನಡೆಸುತ್ತೀರೋ ಒಂದೊಂದಕ್ಕೂ 2 ಜಿಬಿ ರ‍್ಯಾಮ್ ಇರಲಿ ಎಂಬುದು ಜೆಂಟೂ ಬಳಸುವವರ ಲೆಕ್ಕ. ನಿಮ್ಮದರಲ್ಲಿ ಎರಡು ಕೆಲಸಕ್ಕೆ ರ‍್ಯಾಮ್ ತುಂಬಿ ಹೋಗುತ್ತದೆ, ಡೆಸ್ಕ್‌ಟಾಪ್‌ಗೆ ಏನೂ ಉಳಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಕಂಪೈಲರ್‌ಗಳಾದ ಜಿಸಿಸಿ, ಎಲ್‌ಎಲ್‌ವಿಎಂ, ರಸ್ಟ್, ವೆಬ್ ಪುಟ ತೋರಿಸುವ ವೆಬ್‌ಕಿಟ್, ಈ ನಾಲ್ಕು ಭಾರೀ ಹೆಸರು ಅಪ್‌ಡೇಟ್ ಪಟ್ಟಿಯಲ್ಲಿ ಕಂಡ ದಿನ ಲ್ಯಾಪ್‌ಟಾಪ್ ನಿಮ್ಮದಲ್ಲ. ಕ್ರೋಮಿಯಂ ಬಗ್ಗೆ ಮಾತೇ ಬೇಡ, ಒಳ್ಳೆಯ ಡೆಸ್ಕ್‌ಟಾಪ್‌ಗಳೂ ಅದಕ್ಕೆ ಗಂಟೆಗಟ್ಟಲೆ ಬೆವರುತ್ತವೆ.

ನಿಮಗೆ ಬೇಕಾಗಿರುವುದು ಹಗುರವಾದ ಡೆಸ್ಕ್‌ಟಾಪ್ ಮಾತ್ರ. ಡೆಬಿಯನ್ ಅನ್ನು ಡೆಸ್ಕ್‌ಟಾಪ್ ಇಲ್ಲದೆ ಇನ್‌ಸ್ಟಾಲ್ ಮಾಡಿ, ಮೇಲೆ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ ಹಾಕಿಕೊಳ್ಳಿ. ನಿಮ್ಮ ರ‍್ಯಾಮ್ ತಿನ್ನುತ್ತಿರುವುದು ಬ್ರೌಸರ್‌ನ ಟ್ಯಾಬ್‌ಗಳು, ಅವನ್ನು ಯಾವ ಯೂಸ್ ಫ್ಲ್ಯಾಗ್ ಕೂಡ ಕಡಿಮೆ ಮಾಡುವುದಿಲ್ಲ.

ಇಲ್ಲ, ಜೆಂಟೂವೇ ಬೇಕು ಎಂದು ಹಟ ಇದ್ದರೆ ದಾರಿ ಎರಡು. ಮನೆಯಲ್ಲಿ ಬೇರೆ ದೊಡ್ಡ ಮೆಷಿನ್ ಇದ್ದರೆ ಅದರಲ್ಲಿ ಕಂಪೈಲ್ ಮಾಡಿ, ತಯಾರಾದ ಪ್ಯಾಕೇಜನ್ನು ಲ್ಯಾಪ್‌ಟಾಪ್‌ಗೆ ಕೊಡಬಹುದು. ಆಗ ಕಂಪೈಲರ್‌ಗೆ ದೊಡ್ಡ ಮೆಷಿನ್‌ನ ಪ್ರೊಸೆಸರ್ ಅಲ್ಲ, ಲ್ಯಾಪ್‌ಟಾಪ್‌ನ ಪ್ರೊಸೆಸರ್ ಹೆಸರು ಹೇಳಬೇಕು, ಇಲ್ಲದಿದ್ದರೆ ಅಲ್ಲಿ ಹೋಗಿ ಪ್ರೋಗ್ರಾಂ ಶುರುವಾದ ಕೂಡಲೇ ಬೀಳುತ್ತದೆ. ಎರಡನೆಯದು, 2023ರ ಡಿಸೆಂಬರ್ ಕೊನೆಯಿಂದ ಜೆಂಟೂವೇ ಅಧಿಕೃತವಾಗಿ ಬೈನರಿ ಪ್ಯಾಕೇಜ್‌ಗಳನ್ನು ಕೊಡುತ್ತಿದೆ. 64 ಬಿಟ್‌ನ ಇಂಟೆಲ್, ಎಎಂಡಿ, ಆರ್ಮ್ ಮೆಷಿನ್‌ಗಳಿಗೆ ದೊಡ್ಡ ಸಂಗ್ರಹವೇ ಇದೆ. ನಿಮ್ಮ ಫ್ಲ್ಯಾಗ್‌ಗಳು ಅವರು ಇಟ್ಟದ್ದಕ್ಕೆ ಹೊಂದಿದರೆ ಬೈನರಿ ಇಳಿಯುತ್ತದೆ, ಹೊಂದದಿದ್ದರೆ ನಿಮ್ಮಲ್ಲೇ ಕಂಪೈಲ್ ಆಗುವಂತೆ ಮಾಡಿಕೊಳ್ಳಬಹುದು. 'ಮನೆ ಬಿಟ್ಟು ಹೊರಟ್ರಾ' ಎಂದು ಹಳಬರು ಕೆಲವರು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ಬದಲಾಯಿಸದೇ ಬಿಟ್ಟ ಪ್ಯಾಕೇಜನ್ನು ಪ್ರತಿಯೊಬ್ಬರೂ ಮನೆಮನೆಯಲ್ಲಿ ಮತ್ತೆ ಮತ್ತೆ ಕಂಪೈಲ್ ಮಾಡುವುದರಲ್ಲಿ ಏನು ಅರ್ಥ?

ಪ್ರಶ್ನೆ: ಸುರಕ್ಷತೆ ದೃಷ್ಟಿಯಿಂದ ಸೋರ್ಸ್ ಡಿಸ್ಟ್ರೋನೇ ಮೇಲು ಅಲ್ವಾ? ನಾವೇ ಕಂಪೈಲ್ ಮಾಡಿದ ಮೇಲೆ ಒಳಗೆ ಯಾರೂ ಏನೂ ಸೇರಿಸಲು ಆಗಲ್ಲ.

ಉತ್ತರ: ಒಂದು ಪ್ರಶ್ನೆ ಕೇಳ್ತೀನಿ, ಬೇಸರ ಬೇಡ. ಹೋದ ವಾರ ಕಂಪೈಲ್ ಮಾಡಿದ ಪ್ಯಾಕೇಜ್‌ಗಳಲ್ಲಿ ಎಷ್ಟರ ಸೋರ್ಸ್ ಓದಿದಿರಿ? ನಾನು ಓದಿದ್ದು ಸೊನ್ನೆ.

2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಕಂಪ್ರೆಷನ್ ಪ್ಯಾಕೇಜ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇರುವುದು ಬಯಲಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಮೆಷಿನ್‌ಗೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಯಾಕೆ ಎಂದು ಕೆದಕುತ್ತಾ ಹೋಗಿ ಹಿಡಿದರು. ಆ ಕಳ್ಳಬಾಗಿಲು ಎಲ್ಲಿತ್ತು? ಯಾವುದೋ ಬೈನರಿಯಲ್ಲಿ ಅಲ್ಲ, ಸೋರ್ಸ್ ಎಂದು ಒಂದೇ ಗಂಟಾಗಿ ಕಟ್ಟಿ ಹಂಚಿದ ಟಾರ್ ಫೈಲ್‌ನಲ್ಲೇ. ಕೋಡ್ ಇಟ್ಟಿದ್ದ ಗಿಟ್‌ನಲ್ಲಿ ಇಲ್ಲದ ಒಂದು ಸ್ಕ್ರಿಪ್ಟ್ ಆ ಟಾರ್ ಫೈಲ್‌ನಲ್ಲಿತ್ತು, ಅದು ಕಂಪೈಲ್ ಹೊತ್ತಿನಲ್ಲಿ ಪರೀಕ್ಷೆಯ ಫೈಲ್‌ಗಳೊಳಗೆ ಬಚ್ಚಿಟ್ಟ ಕೋಡನ್ನು ಹೊರತೆಗೆದು ಸೇರಿಸುತ್ತಿತ್ತು. ಜೆಂಟೂವಿನವರೂ ಅದೇ ಟಾರ್ ಫೈಲನ್ನೇ ಇಳಿಸಿಕೊಂಡರು. ಅವರು ಪಾರಾದದ್ದು ತಾವೇ ಕಂಪೈಲ್ ಮಾಡಿದ್ದಕ್ಕಲ್ಲ. ಆ ಸ್ಕ್ರಿಪ್ಟ್ 'ಈಗ ಡೆಬ್ (ಡೆಬಿಯನ್ ಬಳಗದ್ದು) ಅಥವಾ ಆರ್‌ಪಿಎಂ (ರೆಡ್ ಹ್ಯಾಟ್ ಬಳಗದ್ದು) ಪ್ಯಾಕೇಜ್ ಕಟ್ಟುತ್ತಿದ್ದಾರಾ' ಎಂದು ನೋಡಿ, ಹೌದಾದರೆ ಮಾತ್ರ ಕೆಲಸಕ್ಕಿಳಿಯುತ್ತಿತ್ತು. ಕಳ್ಳ ಬೇರೆ ಮನೆ ಹುಡುಕಿಕೊಂಡು ಬಂದಿದ್ದ, ಅಷ್ಟೇ.

ಸೋರ್ಸ್ ಪೂರ್ತಿ ಶುದ್ಧವಾಗಿದ್ದರೂ ಕಂಪೈಲರ್ ಕೆಟ್ಟಿದ್ದರೆ? 1984ರಲ್ಲೇ ಯೂನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಇದನ್ನು ತೋರಿಸಿದ್ದರು. ಕಂಪೈಲರ್‌ನ ಸೋರ್ಸ್‌ನಲ್ಲಿ ಒಂದು ಗುರುತೂ ಉಳಿಸದೆ, ಅದರ ಬೈನರಿಯಲ್ಲಿ ಮಾತ್ರ ಕಳ್ಳಬಾಗಿಲು ತಲೆಮಾರಿನಿಂದ ತಲೆಮಾರಿಗೆ ದಾಟಿಕೊಂಡು ಹೋಗುವಂತೆ ಮಾಡಬಹುದು. ಜೆಂಟೂ ಇನ್‌ಸ್ಟಾಲ್ ಶುರುವಾಗುವುದೂ ಸ್ಟೇಜ್ 3 ಎಂಬ ಬೈನರಿ ಗಂಟಿನಿಂದ, ಮೊದಲ ಕಂಪೈಲರ್ ಅದರಲ್ಲೇ ಬರುತ್ತದೆ. ನಂಬಿಕೆ ಎಲ್ಲೋ ಒಂದು ಕಡೆ ಇಡಲೇಬೇಕು.

ಈ ವಿಷಯದಲ್ಲಿ ನನಗೆ ಭರವಸೆ ಕಾಣುವುದು ಡೆಬಿಯನ್ ಮತ್ತಿತರರು ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆಸಿರುವ ಕೆಲಸದಲ್ಲಿ. ಒಂದೇ ಸೋರ್ಸನ್ನು ಯಾರು ಎಲ್ಲಿ ಕಂಪೈಲ್ ಮಾಡಿದರೂ ಬಿಟ್‌ಗೆ ಬಿಟ್ ಒಂದೇ ಬೈನರಿ ಬರಬೇಕು ಎಂಬುದು ಅವರ ಗುರಿ. ಆಗ ನೀವು ಕಂಪೈಲ್ ಮಾಡದಿದ್ದರೂ ಬೇರೆ ಯಾರಾದರೂ ಮಾಡಿ, ತಾಳೆ ನೋಡಿ, ಮೋಸ ಇದ್ದರೆ ಹಿಡಿಯಬಹುದು.

ಇನ್ನು ದಿನನಿತ್ಯದ ಮಾತು. ಬ್ರೌಸರ್‌ನಲ್ಲಿ ಗಂಭೀರ ದೋಷ ಸಿಕ್ಕಿ ತಿದ್ದುಪಡಿ ಬಂದಾಗ, ಬೈನರಿ ಬಳಸುವವರು ಕೆಲವೇ ನಿಮಿಷದಲ್ಲಿ ಅಪ್‌ಡೇಟ್ ಮುಗಿಸುತ್ತಾರೆ. ಕಂಪೈಲ್ ಮಾಡುವವರು 'ರಾತ್ರಿ ಹಾಕಿದರಾಯ್ತು' ಎನ್ನುತ್ತಾರೆ, ರಾತ್ರಿ ಮರೆಯುತ್ತಾರೆ. ಬ್ರೌಸರನ್ನಾದರೂ ಬೈನರಿಯಾಗಿಯೇ ಹಾಕಿಕೊಳ್ಳಿ. ಜೆಂಟೂವಿನಲ್ಲಿ ಫೈರ್‌ಫಾಕ್ಸ್‌ಗೆ ಪ್ರತ್ಯೇಕ ಬೈನರಿ ಪ್ಯಾಕೇಜ್ ಮೊದಲಿನಿಂದಲೂ ಇದೆ.

ಪ್ರಶ್ನೆ: ಆರ್ಚ್ ಲಿನಕ್ಸ್ ಕೂಡ ಸೋರ್ಸ್ ಡಿಸ್ಟ್ರೋ ತಾನೆ?

ಉತ್ತರ: ಅಲ್ಲ. ಆರ್ಚ್ ಅಪ್ಪಟ ಬೈನರಿ ಡಿಸ್ಟ್ರೋ, ಅದರ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನ್ ಇಳಿಸುವುದು ಸಿದ್ಧವಾದ ಪ್ಯಾಕೇಜನ್ನೇ. ಗೊಂದಲಕ್ಕೆ ಕಾರಣ ಎಯುಆರ್, ಅಂದರೆ ಆರ್ಚ್ ಬಳಕೆದಾರರ ಸಂಗ್ರಹ. ಅಲ್ಲಿ ಬಳಕೆದಾರರೇ ಬರೆದಿಟ್ಟ ಕಂಪೈಲ್ ಸ್ಕ್ರಿಪ್ಟ್‌ಗಳಿವೆ, ಅವನ್ನು ಇಳಿಸಿ ನಿಮ್ಮ ಮೆಷಿನ್‌ನಲ್ಲಿ ಕಟ್ಟಿಕೊಳ್ಳಬೇಕು. ಯಾರು ಬೇಕಾದರೂ ಹಾಕಬಹುದಾದ ಜಾಗ ಅದು, ಸ್ಕ್ರಿಪ್ಟ್ ಓದದೆ ಓಡಿಸಬೇಡಿ. ಆರ್ಚ್‌ನ ಮೊದಲ ಆವೃತ್ತಿಯೂ ಜೆಂಟೂ 1.0 ಕೂಡ ಬಂದದ್ದು ಒಂದೇ ತಿಂಗಳು, 2002ರ ಮಾರ್ಚ್. ಕಷ್ಟಪಡುವುದರಲ್ಲಿ ಖುಷಿ ಕಾಣುವವರಿಗೆ ಅದು ಸುಗ್ಗಿಯ ತಿಂಗಳು.

ಪ್ರಶ್ನೆ: ನಿಕ್ಸ್‌ಓಎಸ್ ಯಾವ ಗುಂಪಿಗೆ ಸೇರುತ್ತದೆ? ಕೆಲವರು ಸೋರ್ಸ್ ಅಂತಾರೆ, ನಾನು ಹಾಕಿದಾಗ ಏನೂ ಕಂಪೈಲ್ ಆಗಲೇ ಇಲ್ಲ.

ಉತ್ತರ: ಎರಡೂ ನಿಜ. ನಿಕ್ಸ್‌ನಲ್ಲಿ ಪ್ರತಿ ಪ್ಯಾಕೇಜ್ ಎಂದರೆ ಸೋರ್ಸ್‌ನಿಂದ ಕಟ್ಟುವ ವಿಧಾನದ ವಿವರಣೆ. ಯಾವ ಸೋರ್ಸ್, ಯಾವ ಕಂಪೈಲರ್, ಯಾವ ಆಯ್ಕೆ, ಯಾವ ಲೈಬ್ರರಿ, ಎಲ್ಲವನ್ನೂ ಸೇರಿಸಿ ಒಂದು ಹ್ಯಾಶ್ (ಬೆರಳಚ್ಚಿನಂಥ ಗುರುತು) ಲೆಕ್ಕ ಹಾಕುತ್ತದೆ. ಅದೇ ಹ್ಯಾಶ್‌ನ ಬೈನರಿ ಅವರ ಸರ್ವರ್‌ನಲ್ಲಿ ಸಿಕ್ಕರೆ ಇಳಿಸಿಕೊಳ್ಳುತ್ತದೆ, ಸಿಗದಿದ್ದರೆ ನಿಮ್ಮಲ್ಲಿ ಕಟ್ಟುತ್ತದೆ. ನೀವು ಏನೂ ಬದಲಾಯಿಸಿರಲಿಲ್ಲ, ಹಾಗಾಗಿ ಎಲ್ಲವೂ ಸಿಕ್ಕಿತು. ಆದರೆ ಬುಡದ ಒಂದು ಲೈಬ್ರರಿಯಲ್ಲಿ ಒಂದು ಆಯ್ಕೆ ಬದಲಾಯಿಸಿ ನೋಡಿ. ಅದರ ಮೇಲೆ ನಿಂತ ಎಲ್ಲದರ ಹ್ಯಾಶ್ ಬದಲಾಗುತ್ತದೆ, ಇಡೀ ಗೋಪುರ ನಿಮ್ಮ ಮೆಷಿನ್‌ನಲ್ಲೇ ಏಳಬೇಕಾಗುತ್ತದೆ. ಗೀಕ್ಸ್ ಎಂಬ ಡಿಸ್ಟ್ರೋ ಕೂಡ ಇದೇ ದಾರಿಯದು. ಸರ್ವರ್‌ನಿಂದ ಬಂದ ಬೈನರಿಯೂ ನೀವೇ ಕಟ್ಟಿದ್ದೂ ಒಂದೇನಾ ಎಂದು ಹೋಲಿಸಿ ಹೇಳುವ ಆದೇಶ ಅದರಲ್ಲಿದೆ, ಸುರಕ್ಷತೆಯ ಪ್ರಶ್ನೆ ಕೇಳಿದವರು ಅದನ್ನು ನೋಡಬೇಕು. ಇಂದು ಹೊಸದಾಗಿ ಶುರು ಮಾಡುವುದಾದರೆ ನಾನು ಬಹುಶಃ ಈ ಕಡೆಗೇ ಬರುತ್ತಿದ್ದೆ. ನಿಕ್ಸ್‌ನ ಭಾಷೆ ಕಲಿಯುವಾಗ ತಲೆ ಕೆಡುತ್ತದೆ, ಅದಕ್ಕೆ ತಯಾರಿರಿ.

ಪ್ರಶ್ನೆ: ಎಂಟು ತಿಂಗಳು ಜೆಂಟೂ ಅಪ್‌ಡೇಟ್ ಮಾಡಿರಲಿಲ್ಲ. ಈಗ ಮಾಡಲು ಹೋದರೆ ಪರದೆ ತುಂಬ ಕೆಂಪು ಅಕ್ಷರ. ಅದು ಇದನ್ನು ತಡೆಯುತ್ತಿದೆ, ಇದು ಅದನ್ನು ತಡೆಯುತ್ತಿದೆ ಅಂತ ಬರುತ್ತದೆ. ಅಳಿಸಿ ಹೊಸದಾಗಿ ಹಾಕಲಾ?

ಉತ್ತರ: ಬೇಡ, ಎಂಟು ತಿಂಗಳು ಅಂಥ ದೊಡ್ಡ ಅಂತರವಲ್ಲ. ಮೊದಲು ಜೆಂಟೂವಿನ ಸುದ್ದಿ ಸೂಚನೆಗಳನ್ನು ಓದಿ. ಈಸೆಲೆಕ್ಟ್ ನ್ಯೂಸ್ ಎಂಬ ಆದೇಶ ಅದಕ್ಕೇ ಇರುವುದು, ಯಾರೂ ಓದುವುದಿಲ್ಲ. 2024ರಲ್ಲಿ ಪ್ರೊಫೈಲ್ (ಇಡೀ ಸಿಸ್ಟಂನ ಮೂಲ ಸೆಟ್ಟಿಂಗ್‌ಗಳ ಕಟ್ಟು) 23.0ಕ್ಕೆ ಹೋಗುವಾಗ ಯಾವ ಹೆಜ್ಜೆಯ ನಂತರ ಯಾವುದು ಎಂದು ಅದರಲ್ಲೇ ಸಾಲುಸಾಲಾಗಿ ಬರೆದಿದ್ದರು, ಓದದೆ ಜಿಗಿದವರು ಆಮೇಲೆ ಒದ್ದಾಡಿದರು. ಸುದ್ದಿ ಓದಿದ ಮೇಲೆ ಜೆಂಟೂವಿನ ಪ್ಯಾಕೇಜ್ ಮ್ಯಾನೇಜರ್ ಆದ ಪೋರ್ಟೇಜನ್ನು ಮಾತ್ರ ಒಂಟಿಯಾಗಿ ಅಪ್‌ಡೇಟ್ ಮಾಡಿ. ಆಮೇಲೆ ಕೆಂಪು ಅಕ್ಷರಗಳನ್ನು ಕೆಳಗಿನಿಂದಲ್ಲ, ಮೇಲಿನಿಂದ ಓದಿ. ಬಹಳ ಸಲ ಮೂಲ ಕಾರಣ ಒಂದೋ ಎರಡೋ, ಉಳಿದದ್ದೆಲ್ಲ ಅದರ ಬಾಲ. ಪೈಥಾನ್ ಆವೃತ್ತಿ ಬದಲಾಗಿರುವುದು, ಎಂದೋ ಒಂದು ಪ್ಯಾಕೇಜ್‌ಗೆ ನೀವೇ ಬರೆದು ಮರೆತ ನಿಯಮ, ಈಗ ಯಾರೂ ನೋಡಿಕೊಳ್ಳದ ಹಳೆಯ ಪ್ಯಾಕೇಜ್, ಈ ಮೂರನ್ನು ಮೊದಲು ಹುಡುಕಿ. ಬೇಡದ ಪ್ಯಾಕೇಜ್ ತೆಗೆದು ಹಾಕಿ, ಅಪ್‌ಡೇಟ್ ಮುಗಿದ ಮೇಲೆ ಮತ್ತೆ ಹಾಕಿಕೊಳ್ಳಬಹುದು.

ಆದರೆ ಎಂಟೆಂಟು ತಿಂಗಳು ಮುಟ್ಟದೇ ಇರುವುದೇ ನಿಮ್ಮ ರೂಢಿ ಎಂದಾದರೆ ಡೆಬಿಯನ್ ಸ್ಟೇಬಲ್‌ಗೆ ಹೋಗಿ. ಅಲ್ಲಿ ಒಂದು ಆವೃತ್ತಿ ಹಾಕಿದರೆ ದೀರ್ಘಾವಧಿ ಬೆಂಬಲ ಸೇರಿ ಐದು ವರ್ಷ ಭದ್ರತಾ ತಿದ್ದುಪಡಿ ಬರುತ್ತದೆ, ನಡುವೆ ಏನೂ ಅಲುಗಾಡುವುದಿಲ್ಲ. ಜೆಂಟೂ ವಾರಕ್ಕೊಮ್ಮೆ ವಿಚಾರಿಸಿಕೊಳ್ಳುವವರಿಗೆ ಮಾತ್ರ.

ಪ್ರಶ್ನೆ: ಲಿನಕ್ಸ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯಬೇಕು. ಜೆಂಟೂವಾ, ಲಿನಕ್ಸ್ ಫ್ರಮ್ ಸ್ಕ್ರ್ಯಾಚಾ?

ಉತ್ತರ: ಕಲಿಯುವುದಕ್ಕೇ ಆದರೆ ಎರಡನೆಯದು, ಆದರೆ ದಿನದ ಕೆಲಸದ ಮೆಷಿನ್‌ನಲ್ಲಿ ಬೇಡ, ವರ್ಚುವಲ್ ಮೆಷಿನ್‌ನಲ್ಲಿ ಮಾಡಿ. 1999ರಲ್ಲಿ ಗೆರಾರ್ಡ್ ಬೀಕ್‌ಮನ್ಸ್ ಶುರು ಮಾಡಿದ ಇದು ಡಿಸ್ಟ್ರೋ ಅಲ್ಲ, ಒಂದು ಕೈಪಿಡಿ. ಒಂದೊಂದು ಪ್ಯಾಕೇಜನ್ನೂ ಕೈಯಾರೆ ಕಟ್ಟುತ್ತೀರಿ. ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಅವರ ಅಳತೆ ಸೊಗಸಾಗಿದೆ: ಮೊದಲ ಪ್ಯಾಕೇಜ್ ನಿಮ್ಮ ಮೆಷಿನ್‌ನಲ್ಲಿ ತೆಗೆದುಕೊಂಡ ಸಮಯವೇ ಒಂದು ಘಟಕ, ಉಳಿದದ್ದಕ್ಕೆಲ್ಲ ಅದರ ಇಷ್ಟು ಪಟ್ಟು ಎಂದು ಬರೆದಿರುತ್ತಾರೆ. ಕಟ್ಟಿ ಮುಗಿಸಿದ ಮೇಲೆ ಅಪ್‌ಡೇಟ್ ಮಾಡಲು ಪ್ಯಾಕೇಜ್ ಮ್ಯಾನೇಜರ್ ಇರುವುದಿಲ್ಲ. ಅದು ಯಾಕೆ ಬೇಕು ಎಂದು ಆಗ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಡೆಬಿಯನ್‌ನಲ್ಲಿ ಖುಷಿಯಾಗಿದ್ದೇನೆ. ಒಂದೇ ಒಂದು ಪ್ರೋಗ್ರಾಂನಲ್ಲಿ ಒಂದು ಸಾಲು ಬದಲಾಯಿಸಬೇಕು. ಅಷ್ಟಕ್ಕೆ ಡಿಸ್ಟ್ರೋ ಬದಲಾಯಿಸಬೇಕಾ?

ಉತ್ತರ: ಖಂಡಿತ ಬೇಡ. ಡೆಬಿಯನ್‌ನ ಪ್ರತಿ ಪ್ಯಾಕೇಜ್‌ಗೂ ಸೋರ್ಸ್ ಪ್ಯಾಕೇಜ್ ಇದೆ. ಸೋರ್ಸ್ ಸಂಗ್ರಹದ ಸಾಲನ್ನು ಚಾಲೂ ಮಾಡಿ, ಡೆಬಿಯನ್‌ನ ಪ್ಯಾಕೇಜ್ ಸಾಧನ ಆಪ್ಟ್‌ನ ಬಿಲ್ಡ್-ಡೆಪ್ ಆದೇಶದಿಂದ ಬೇಕಾದ ಲೈಬ್ರರಿಗಳನ್ನು ತರಿಸಿ, ಸೋರ್ಸ್ ಆದೇಶದಿಂದ ಕೋಡ್ ಇಳಿಸಿ. ನಿಮ್ಮ ಸಾಲು ತಿದ್ದಿ. ಆವೃತ್ತಿಯ ಹೆಸರಿನ ಕೊನೆಯಲ್ಲಿ ನಿಮ್ಮದೇ ಒಂದು ಗುರುತು ಸೇರಿಸಿ ಡೆಬ್ ಕಟ್ಟಿಕೊಳ್ಳಿ, ಹಾಕಿಕೊಳ್ಳಿ. ಆಮೇಲೆ ಆ ಪ್ಯಾಕೇಜನ್ನು ಹೋಲ್ಡ್ ಮಾಡುವುದು, ಅಂದರೆ ಅಪ್‌ಡೇಟ್ ಆಗದಂತೆ ತಡೆಹಿಡಿಯುವುದು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್ ನಿಮ್ಮ ಸಾಲನ್ನು ಸದ್ದಿಲ್ಲದೆ ಅಳಿಸುತ್ತದೆ. ಹೋಲ್ಡ್ ಮಾಡಿದ್ದೀರಿ ಎಂಬುದನ್ನೂ ಎಲ್ಲಾದರೂ ಬರೆದಿಡಿ. ಆ ಪ್ಯಾಕೇಜ್‌ಗೆ ಇನ್ನು ಭದ್ರತಾ ತಿದ್ದುಪಡಿ ತಾನಾಗಿ ಬರುವುದಿಲ್ಲ, ಬಂದಾಗ ನೀವೇ ಮತ್ತೆ ಕಟ್ಟಬೇಕು.